ಸಾಹೇಬರು ಕತ್ತರಿಸಿದ ರಿಬ್ಬನ್

ಊರಿಗೆ ಗೊತ್ತಿಲ್ಲದ ಆಟ ಕಲಿಸುವವರಿಗೆ ನಗುವುದಕ್ಕೆ ಬೇರೆ ಕಾರಣ ಬೇಕಿಲ್ಲ. ನಾನು ಸುರಪುರದ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್. ಸಂಗೀತಕ್ಕೆ ತಕ್ಕಂತೆ ಮೈ ಬಾಗಿಸಿ ಉದ್ದನೆಯ ರಿಬ್ಬನ್, ಬಳೆಯಂಥ ದೊಡ್ಡ ರಿಂಗು ಆಡಿಸುವ ರಿದಮಿಕ್ ಜಿಮ್ನಾಸ್ಟಿಕ್ಸ್ ಕಲಿಯಲು ನನ್ನ ಬಳಿ ಒಬ್ಬಳೇ ಹುಡುಗಿ ಇದ್ದಳು, ಕೂಲಿಗೆ ಹೋಗುವ ತಾಯಿಯ ಮಗಳು. ರಾಜ್ಯಮಟ್ಟದಲ್ಲಿ ಗೆದ್ದರೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು. ಇಲ್ಲದಿದ್ದರೆ ಅವ್ವನ ಜೊತೆ ಹತ್ತಿ ಬಿಡಿಸುವುದು.

ಕಾಲೆತ್ತಿದ ದೇವರು

ಒಂದು ದಿನ ಹುಡುಗಿ ಮೈದಾನದಲ್ಲಿ ಒಂಟಿಗಾಲಲ್ಲಿ ನಿಂತು, ಇನ್ನೊಂದು ಪಾದವನ್ನು ಕಿವಿಗೆ ಹಚ್ಚಿದ್ದಳು. ದಾರಿಯಲ್ಲಿ ಹೊರಟಿದ್ದ ಮುದುಕಿಯೊಬ್ಬಳು ಇವಳ ಮೈಮೇಲೆ ದೇವರು ಬಂದಿದೆ ಅಂದುಕೊಂಡಳು. ಚಪ್ಪಲಿ ಕಳಚಿ ಕೈಮುಗಿದು, ತನ್ನ ಹೊಲ ಕಾಲುವೆಯ ಕೊನೆಯಲ್ಲಿದೆ, ನೀರು ಬರುತ್ತದೋ ಇಲ್ಲವೋ ಎಂದು ಕೇಳಿದಳು. ಹುಡುಗಿ ಕಾಲಿಳಿಸದೆ, "ಬರ್ತೈತಿ, ಹೋಗು ಆಯಿ" ಅಂದಳು.

ಆ ವಾರವೇ ನೀರು ಬಂತು. ನೀರು ಕೇಳಲು ನೀರಾವರಿ ಎಂಜಿನಿಯರ್ ಆಫೀಸಿನ ಮುಂದೆ ನಿಲ್ಲುತ್ತಿದ್ದ ರೈತರೆಲ್ಲ ನಮ್ಮ ಮೈದಾನಕ್ಕೆ ಬರತೊಡಗಿದರು. ಇಲ್ಲಿ ಉತ್ತರವಾದರೂ ಸಿಗುತ್ತಿತ್ತು.

ಎರಡನೇ ಬಹುಮಾನ

ಯಾದಗಿರಿಯ ಜಿಲ್ಲಾ ಆಯ್ಕೆಗೆ ಈ ಆಟದಲ್ಲಿ ಬಂದವಳು ಇವಳೊಬ್ಬಳೇ. ತೀರ್ಪುಗಾರರು ಕಬಡ್ಡಿಯವರು. ಬಾಯಿ ತೆರೆದುಕೊಂಡು ಆಟ ನೋಡಿ, ಎರಡನೇ ಬಹುಮಾನ ಕೊಟ್ಟರು. ಮೊದಲನೆಯದು ಯಾರಿಗೆ ಎಂದು ಕೇಳಿದೆ.

"ಈಕಿ ಯಾರನ್ನೂ ಸೋಲಿಸಿಲ್ಲಲ್ರಿ ಟೀಚರ್, ಮೊದಲನೇದು ಹ್ಯಾಂಗ ಕೊಡೋದ್ರಿ?"

ಪುಣ್ಯಕ್ಕೆ ಮೊದಲೆರಡು ಸ್ಥಾನದವರೂ ರಾಜ್ಯಮಟ್ಟಕ್ಕೆ ಹೋಗಬಹುದಿತ್ತು. ಆದರೆ ಬಸ್ಸಿನಲ್ಲಿ ಹುಡುಗಿ ದಾರಿಯುದ್ದಕ್ಕೂ ನನ್ನ ತಲೆ ತಿಂದಳು: "ಹಂಗಾರ ನಾ ಯಾರ ಕೈಲೆ ಸೋತೇನ್ರಿ ಟೀಚರ್?"

ನೀರಿನ ಸಂತೋಷ

ಮೈಮೇಲೆ ದೇವರು ಬರುವ ಹುಡುಗಿಯ ಸುದ್ದಿ, ಎಲ್ಲರೂ ಸಾಹೇಬರು ಅನ್ನುವ ಶಹಾಪುರದ ಧುರೀಣರೊಬ್ಬರಿಗೆ ಮುಟ್ಟಿತು. ಹೊಸ ಉಪಕಾಲುವೆಗೆ ನೀರು ಬಿಡುವ ಸಮಾರಂಭದಲ್ಲಿ ಅವಳ ಆಟ ಇಟ್ಟರು. ರಾಜ್ಯ ಪಂದ್ಯ ಎದುರಿಗೇ ಇತ್ತು. ಹೈದರಾಬಾದಿನಿಂದ ತರಿಸಿದ ರಿಬ್ಬನ್, ಇದ್ದದ್ದು ಅದೊಂದೇ, ಕುರ್ಚಿಯ ಮೇಲಿಟ್ಟು ನಾವು ಚಹಾ ಕುಡಿಯಲು ಹೋದೆವು. ಬರುವಷ್ಟರಲ್ಲಿ ಕಾರ್ಯಕರ್ತನೊಬ್ಬ ಅದನ್ನೇ ಕಾಲುವೆಯ ಗೇಟಿಗೆ ಅಡ್ಡ ಕಟ್ಟಿದ್ದ. ಸಾಹೇಬರು ಕತ್ತರಿ ಆಡಿಸಿಯೂ ಬಿಟ್ಟಿದ್ದರು. ರಿಬ್ಬನ್ ಇನ್ನೂ ಬಹಳ ಉದ್ದ ಉಳಿದದ್ದು ನೋಡಿ, ಯಾರಿಗೂ ಬೇಜಾರಾಗಬಾರದೆಂದು ವೇದಿಕೆಯ ಮೇಲಿದ್ದವರೆಲ್ಲ ಒಂದೊಂದು ತುಂಡು ಕತ್ತರಿಸಿದರು.

ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಸಾಹೇಬರು ಅವಳ ತಲೆ ಸವರಿ, ನೀರು ಬಂದ ಸಂತೋಷಕ್ಕೆ ಕೂಸು ಕಣ್ಣೀರು ಹಾಕುತ್ತಿದೆ ಎಂದು ಮೈಕಿನಲ್ಲಿ ಹೇಳಿದರು.

ಸನ್ಮಾನ

ರಿಬ್ಬನ್ನಿನ ಆಸೆ ಬಿಟ್ಟು ಹುಡುಗಿ ರಾಜ್ಯ ಪಂದ್ಯದಲ್ಲಿ ಬರೀ ರಿಂಗಿನಲ್ಲಿ ಆಡಿದಳು. ಅದರಲ್ಲೇ ರಾಜ್ಯ ಚಾಂಪಿಯನ್ ಆದಳು, ಹಾಸ್ಟೆಲ್ ಸೀಟೂ ಸಿಕ್ಕಿತು. ಸನ್ಮಾನ ಇಟ್ಟವರು ಅದೇ ಸಾಹೇಬರು. ಅವತ್ತು ತಮ್ಮ ಅಮೃತಹಸ್ತದಿಂದ ರಿಬ್ಬನ್ ಕತ್ತರಿಸಿದ್ದರ ಫಲ ಇದು ಎಂದು ಭಾಷಣ ಮಾಡಿದರು. ಆಮೇಲೆ, ಗೆದ್ದ ರಿಂಗನ್ನು ಜನರಿಗೆ ತೋರಿಸೋಣ ಎಂದು, ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಹುಡುಗಿಯ ಅವ್ವನ ಮುಂದೆ ಕೈ ಚಾಚಿದರು. ಆಕೆ ರಿಂಗನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡು ಎದ್ದು ನಿಂತಳು.

"ಕೊಡ್ತೀನ್ರಿ ಸಾಹೇಬ್ರ. ಮೊದಲ ನಿಮ್ಮ ಕಿಸೇದಾಗಿನ ಕತ್ತರಿ ಹೊರಗ ತಗೀರಿ."