ಅರ್ಧಕ್ಕೆ ಬಿಡದ ಅತ್ತೆ

ಶನಿವಾರ ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಿದ್ದ ಅಳಿಯನಿಗೆ ಎರಡು ಸುದ್ದಿ ಒಟ್ಟಿಗೇ ಬಂದವು. ಒಂದು, ಅತ್ತೆ ಕಂಪ್ಯೂಟರಿನ ಆಟ ಗೆದ್ದಿದ್ದಾರೆ. ಇನ್ನೊಂದು, ನಾಳೆ ಎಂಟರ ಬಸ್ಸಿಗೆ ಅವರು ದೊಡ್ಡ ಮಗಳ ಮನೆಗೆ ಹೊರಡುತ್ತಾರೆ.

"ಆಟ ಮುಗೀತು, ನಿಮ್ಮ ಸ್ವೆಟರೂ ಮುಗೀತು, ನನ್ನ ಕೈಯೂ ಸರಿಹೋಯ್ತು. ಇನ್ನೇನು ಕೆಲಸ ನನಗಿಲ್ಲಿ?" ಎಂದು ಅತ್ತೆ ಬ್ಯಾಗಿನ ಜಿಪ್ಪು ಎರಡು ಸಲ ಎಳೆದು ನೋಡಿದರು. ನೋಡಿ, ಅಳಿಯನ ಮುಖವನ್ನೂ ಒಮ್ಮೆ ನೋಡಿದರು.

ಅಳಿಯ ಬಾಯಿತುಂಬ ನೊರೆ ಇಟ್ಟುಕೊಂಡು "ಹೂಂ" ಎಂದ. ಹೋಗಬೇಡಿ ಎನ್ನಬೇಕಿತ್ತು. ನೊರೆ ಉಗಿದು ಬರುವಷ್ಟರಲ್ಲಿ ಅತ್ತೆ ಅಡುಗೆಮನೆ ಸೇರಿದ್ದರು.

ನಾಲ್ಕು ತಿಂಗಳ ಹಿಂದೆ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡು ಅತ್ತೆ ದೊಡ್ಡ ಮಗಳ ಮನೆಯಿಂದ ಈ ಮನೆಗೆ ಬಂದಿದ್ದರು. ಪ್ಲಾಸ್ಟರ್ ಬಿಚ್ಚಿದ ಡಾಕ್ಟರು, ಬೆರಳಿಗೆ ಕೆಲಸ ಕೊಡುತ್ತಿರಿ ಎಂದು ಒಂದು ರಬ್ಬರ್ ಚೆಂಡು ಕೊಟ್ಟರು. ಎರಡು ದಿನ ಅದನ್ನು ಹಿಸುಕಿ, "ಇದಕ್ಕೆ ಬೇಜಾರಾಗಲ್ವೇನೋ, ನನಗಾಗುತ್ತೆ" ಎಂದು ಅತ್ತೆ ಚೆಂಡನ್ನು ಪಕ್ಕಕ್ಕಿಟ್ಟರು. ಆಗ ಅಳಿಯನೇ ತಂದು ಕೊಟ್ಟದ್ದು ಈ ಆಟ. ಮೈಗಂಟಿದ ಬಟ್ಟೆ ತೊಟ್ಟ ಮಹಾವೀರನೊಬ್ಬ ಹಾರಿ, ಗುದ್ದಿ, ಶಕ್ತಿ ಗಳಿಸಿ, ಕೊನೆಗೆ ಉಕ್ಕಿನ ದೊರೆ ಎಂಬ ದುಷ್ಟನನ್ನು ಕೆಡವಿ ಊರು ಉಳಿಸಬೇಕು. ಅತ್ತೆ ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಇನ್ನೂರು ತೂತಿಗೆ ವಯರು ಸಿಕ್ಕಿಸಿದವರು. ಹತ್ತು ಗುಂಡಿಯ ಆಟ ಅವರಿಗೆ ಯಾವ ಲೆಕ್ಕ?

ಅತ್ತೆ ಹೊರಡುತ್ತಾರೆಂದರೆ ಖುಷಿಪಡುವ ಅಳಿಯಂದಿರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ನಮ್ಮವನ ಕತೆ ಬೇರೆ. ಬುದ್ಧಿ ಬರುವ ಮೊದಲೇ ತಾಯಿ ಹೋಗಿ, ಹಾಸ್ಟೆಲಿನ ಗಂಟೆಗೆ ಎದ್ದು, ಹಾಸ್ಟೆಲಿನ ಗಂಟೆಗೆ ಉಂಡು ಬೆಳೆದವನು. ಈಗ ಮಧ್ಯಾಹ್ನ ಒಂದಾದರೆ ವರ್ಕ್‌ಶಾಪಿಗೆ ಫೋನ್ ಬರುತ್ತಿತ್ತು: "ನಮಸ್ಕಾರ, ಡಬ್ಬಿ ಖಾಲಿ ಆಯ್ತಾ?" ಸಂಜೆ ಹತ್ತು ನಿಮಿಷ ತಡವಾದರೆ ಕಿಟಕಿಯಲ್ಲಿ ಒಂದು ತಲೆ ಕಾಣುತ್ತಿತ್ತು. ನಲವತ್ತೊಂದರ ವಯಸ್ಸಿನಲ್ಲಿ ಯಾರೋ ತನಗಾಗಿ ಕಿಟಕಿಯಲ್ಲಿ ನಿಲ್ಲುತ್ತಾರೆ ಎಂಬುದೇ ಅವನಿಗೆ ನಂಬಲಾಗದ ಸಂಗತಿ. ಇದನ್ನೆಲ್ಲ ಬಾಯಿಬಿಟ್ಟು ಹೇಳುವುದೆಂದರೆ ಮಾತ್ರ ಅವನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

"ಇನ್ನೂ ನಾಕು ದಿನ ಇರಿ ಅನ್ನೋಕೆ ಏನ್ರೀ ರೋಗ ನಿಮಗೆ?" ಎಂದು ಹೆಂಡತಿ ಪಿಸುಗುಟ್ಟಿದಳು.

"ನೀನೇ ಹೇಳು."

"ನಾನು ಮಗಳು, ನಾನು ಹೇಳಿದ್ರೆ ಲೆಕ್ಕಕ್ಕಿಲ್ಲ. ಅಳಿಯ ಹೇಳಿದ್ರೆ ತಾನೆ ಅಮ್ಮಂಗೆ ಗೌರವ?"

ಅಳಿಯನಿಗೆ ಬೇರೊಂದು ದಾರಿ ಹೊಳೆಯಿತು. ಅತ್ತೆ ಯಾವುದನ್ನೂ ಅರ್ಧಕ್ಕೆ ಬಿಡುವವರಲ್ಲ. ಒಮ್ಮೆ ಯಾರದೋ ಮನೆಯಲ್ಲಿ ಫೋಟೋ ಆಲ್ಬಮ್ ನೋಡಲು ಕೂತು ಮುನ್ನೂರು ಫೋಟೋ ಮುಗಿಸಿಯೇ ಎದ್ದಿದ್ದರು. ತಾವು ಬಂದಿರುವುದು ತಪ್ಪು ಮನೆಗೆ ಎಂದು ಹತ್ತನೆಯ ಫೋಟೋದಲ್ಲೇ ಗೊತ್ತಾಗಿತ್ತಂತೆ. ಅಂದಮೇಲೆ ಆಟ ಮುಗಿಯದಿದ್ದರೆ ಅತ್ತೆ ಕದಲುವುದಿಲ್ಲ. ಆಟ ಮುಗಿಯದಂತೆ ಮಾಡಿದರಾಯಿತು!

ಇಂಥ ಆಟಗಳ ಒಳಗೆ ಬರೀ ಅಂಕಿಗಳಿರುತ್ತವೆ, ಅವನ್ನು ತಿದ್ದಿ ಆಟವನ್ನು ಸುಲಭವೋ ಕಷ್ಟವೋ ಮಾಡಬಹುದು, ಅದಕ್ಕೆ ಮಾಡ್ ಎನ್ನುತ್ತಾರೆ ಎಂದು ಅವನು ಕೇಳಿದ್ದ. ಕೆಲಸಕ್ಕೆ ಹೊರಡುವ ಮುಂಚೆ ಫೈಲು ತೆರೆದು ಹುಡುಕಿದ. ಶತ್ರುಗಳ ಬಲ ನೂರು ಎಂದಿತ್ತು. ಸಾವಿರ ಮಾಡಿದ. ಏಳಬೇಕು, ಏಳಲಾಗಲಿಲ್ಲ. ಏನೋ ಕಸಿವಿಸಿ. ನೋಡಿದರೆ ಕೆಳಗಿನ ಸಾಲಿನಲ್ಲಿ ಮಹಾವೀರನ ಬಲ ನೂರರಲ್ಲೇ ನಿಂತಿದೆ. ನಮ್ಮವನು ಇಪ್ಪತ್ತು ವರ್ಷದಿಂದ ತಕ್ಕಡಿ ರಿಪೇರಿ ಮಾಡುವವನು. ಒಂದು ತಟ್ಟೆ ವಾಲಿದ್ದನ್ನು ಕಂಡೂ ಎದ್ದು ಹೋಗುವ ಪೈಕಿಯಲ್ಲ. ಅವನ ಬೆರಳು ಅವನನ್ನು ಕೇಳದೆಯೇ ಅಲ್ಲೂ ಸಾವಿರ ಒತ್ತಿತು. ಮನಸ್ಸಿಗೆ ಈಗ ಹಾಯೆನಿಸಿ, ಆಟದಲ್ಲಿ ಏನೋ ಹೊಸದು ಬಂದಿದೆ ಅಂತ ಅಮ್ಮಂಗೆ ಹೇಳು ಎಂದು ಹೆಂಡತಿಗೆ ತಿಳಿಸಿ, ಡಬ್ಬಿ ಎತ್ತಿಕೊಂಡು ಹೊರಟ.

ಹನ್ನೊಂದಕ್ಕೆ ವರ್ಕ್‌ಶಾಪಿನ ಫೋನು ಹೊಡೆದುಕೊಂಡಿತು.

"ನಮಸ್ಕಾರ. ಅಳಿಯಂದ್ರೆ, ಆಟದಲ್ಲಿ ಏನೋ ಹೊಸದು ಬಂದಿದೆ ಅಂತ ನಿಮ್ಮಾಕೆ ಅಂದ್ಳು. ಕೂತು ನೋಡಿದೆ. ಅದೇ ಆಟ! ಇನ್ನೊಂದ್ಸಲ ಗೆದ್ದುಬಿಟ್ಟೆ. ಡಬ್ಬಿ ಪೂರ್ತಿ ಖಾಲಿ ಮಾಡಿ."

ಅಳಿಯ ಹಣೆ ಹಣೆ ಚಚ್ಚಿಕೊಂಡ. ವಿಷಯ ತಿಳಿದ ವರ್ಕ್‌ಶಾಪಿನ ಯಜಮಾನರು ನಕ್ಕು, "ತಕ್ಕಡಿಯವನ ಕೈಗೆ ಮೋಸದ ಕೆಲಸ ಕೊಟ್ರೆ ಹೀಗೇ ಕಣಯ್ಯ ಆಗೋದು. ಪಳಗಿದವರನ್ನ ಕೇಳು" ಎಂದರು.

ಪಳಗಿದವನೆಂದರೆ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ಅವನದು ಆಹ್ವಾನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸು. ಬಿಡುವಾದಾಗ ಆಟಗಳಿಗೆ ಮಾಡ್ ಬರೆಯುವ ಹುಚ್ಚು. ಅತ್ತೆ ಹೋಗುವುದು ಅವನ ಮನೆಗೇ. ಆದರೇನು, ಅತ್ತೆ ಬರುವುದು ತಪ್ಪಿದರೆ ಯಾವ ಅಳಿಯ ತಾನೆ ಬೇಡವೆಂದಾನು? ಅವನಿಗೂ ಉಪಕಾರ, ನನಗೂ ಉಪಕಾರ ಎಂದುಕೊಂಡು ಫೋನ್ ಮಾಡಿದ.

"ಅಣ್ಣ, ಆ ಮಹಾವೀರನ ಆಟ ಇದ್ಯಲ್ಲ, ಅದನ್ನ ಯಾರೂ ಗೆಲ್ಲಬಾರದು, ಹಾಗೆ ಮಾಡಿಕೊಡ್ತೀರಾ?"

ಆ ಕಡೆ ಅಚ್ಚಿನ ಯಂತ್ರದ ಸದ್ದು ನಿಂತಿತು. "ಅತ್ತೆ ಆಡೋ ಆಟ ತಾನೆ?"

"ಹೂಂ."

"ಅಯ್ಯೋ ಅದಕ್ಕೇನಪ್ಪ, ಈಗಲೇ ಕಳಿಸ್ತೀನಿ. ಎರಡು ಏಟಿಗೆ ನಮ್ಮೋನು ಸಾಯ್ತಾನೆ. ಗಾಯ ಮಾಯಲ್ಲ. ಸತ್ರೆ ಮೊದಲಿಂದ ಶುರು. ಉಕ್ಕಿನ ದೊರೆ ಶುರುವಿನಲ್ಲೇ ಮಿಂಚಿನ ಹಾಗೆ ಬರ್ತಾನೆ, ಕಣ್ಣಿಗೇ ಕಾಣಲ್ಲ. ಸಾಕಾ?"

ಎಂಥ ದೊಡ್ಡ ಮನಸ್ಸು ಎಂದು ಅಳಿಯನ ಕಣ್ಣು ತೇವವಾಯಿತು.

ಶನಿವಾರ ಅರ್ಧ ದಿನ. ಮನೆಗೆ ಬಂದವನು, ಅತ್ತೆ ಮಧ್ಯಾಹ್ನದ ಜೊಂಪಿನಲ್ಲಿದ್ದಾಗ ಹೊಸ ಮಾಡ್ ಹಾಕಿ ಮುಗಿಸಿದ. ಎದ್ದ ಮೇಲೆ "ಅತ್ತೆ, ಈಗ ನಿಜವಾಗ್ಲೂ ಕಷ್ಟ ಇದೆಯಂತೆ" ಎಂದಷ್ಟೇ ಹೇಳಿದ. ಅತ್ತೆ ಕನ್ನಡಕ ಒರೆಸಿಕೊಂಡು ಕೂತರು.

ಹನ್ನೊಂದು ಸೆಕೆಂಡಿನಲ್ಲಿ ಮಹಾವೀರ ಹೋದ. ಮತ್ತೆ ಎದ್ದ, ಒಂಬತ್ತು ಸೆಕೆಂಡಿಗೆ ಹೋದ. ಪೇಪರ್ ಓದಲು ಬಂದ ಮೇಲಿನ ಮನೆಯ ಮೇಷ್ಟ್ರು ಪೇಪರ್ ಮರೆತು ಸೋಫಾದ ಅಂಚಿಗೆ ಬಂದರು. ಅವರು ನಿವೃತ್ತರಾದದ್ದು ಶಾಲೆಯಿಂದ ಮಾತ್ರ, ಪಾಠ ಹೇಳುವುದರಿಂದಲ್ಲ.

"ಎಡಕ್ಕೆ! ಎಡಕ್ಕೆ ತಗೊಳ್ಳೀಮ್ಮ! ಅಯ್ಯೋ, ಹೋಯ್ತು."

"ಮೇಷ್ಟ್ರೇ, ನಿಮ್ಮ ಎಡನೋ ನನ್ನ ಎಡನೋ?"

"ಅವನ ಎಡ."

"ಅವನು ತಲೆಕೆಳಗಾಗಿ ಹಾರ್ತಿದಾನೆ."

ಮೇಷ್ಟ್ರು ತಲೆ ಬಗ್ಗಿಸಿ ನೋಡಲು ಹೋಗಿ ಕಾಫಿ ಲೋಟ ಉರುಳಿಸಿದರು. ನಾಲ್ಕು ಗಂಟೆಯ ಹೊತ್ತಿಗೆ ಮಹಾವೀರ ಮೂವತ್ತಾರು ಸಲ ಸತ್ತಿದ್ದ. ಅತ್ತೆ ಹಿಡಿದದ್ದು ಬಿಡಲಿಲ್ಲ. ನಲವತ್ತನೆಯ ಸಾವಿಗೆ ತಿರುಗಿ, "ಮಗಳೇ, ನಾಳೆ ಬಸ್ಸು ಬೇಡ ಅಂತ ಅಕ್ಕಂಗೆ ಹೇಳಿಬಿಡು. ಇದೊಂದು ಇತ್ಯರ್ಥ ಆಗದೆ ನಾನು ಹೋಗಲ್ಲ" ಎಂದರು.

ಅಳಿಯನಿಗೆ ಸ್ವರ್ಗಕ್ಕೆ ಮೂರೇ ಗೇಣು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಒಬ್ಬನೇ ನಕ್ಕ. ನಕ್ಕು ಹೊರಬಂದವನ ಕಣ್ಣಿಗೆ ಬಿದ್ದದ್ದು, ಅತ್ತೆ ಸಾವಿಗೂ ಸಾವಿಗೂ ನಡುವೆ ಮೆಲ್ಲಗೆ ಮಣಿಕಟ್ಟು ಒತ್ತಿಕೊಳ್ಳುತ್ತಿದ್ದುದು.

"ಅಮ್ಮನ ಕೈ ಮತ್ತೆ ಊದಿಕೊಂಡ್ರೆ ನಿಮ್ಮನ್ನ ಪೂರ್ತಿ ಪ್ಲಾಸ್ಟರ್ ಹಾಕಿಸಿ ಮೂಲೇಲಿ ನಿಲ್ಲಿಸ್ತೀನಿ" ಎಂದಳು ಹೆಂಡತಿ.

ನಗು ಅಲ್ಲೇ ಇಂಗಿತು. ಅವನು ಬಿಸಿನೀರಿನ ಚೀಲ ತುಂಬಿಸಿ ತಂದು ಅತ್ತೆಯ ಪಕ್ಕ ಮಂಡಿಯೂರಿ ಮಣಿಕಟ್ಟಿಗೆ ಇಟ್ಟ. ತನ್ನ ಆಸೆಗೆ ಈ ಕೈಯನ್ನು ನೋಯಿಸಿದೆನಲ್ಲ ಎಂದು ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಸಾಕು ಬಿಡಿ ಅತ್ತೆ. ಇದು ಯಾರೂ ಗೆಲ್ಲೋ ಆಟ ಅಲ್ಲ."

"ಹೌದಾ? ನಿಮಗೆ ಹೇಗೆ ಗೊತ್ತು?" ಎಂದು ಅತ್ತೆ ಅವನನ್ನು ದಿಟ್ಟಿಸಿದರು. ಅವನು ಚೀಲದ ಬಿರಡೆ ನೋಡಿದ. ಹೇಳಿಬಿಡುವುದಕ್ಕೆ ಅದಕ್ಕಿಂತ ಒಳ್ಳೆ ಗಳಿಗೆ ಬೇಕಿರಲಿಲ್ಲ. ಮೇಷ್ಟ್ರು ಕೆಮ್ಮಿದರು, ಗಳಿಗೆ ಹೋಯಿತು.

"ಕಣ್ಣಿಗೆ ಕಾಣಲ್ಲ ಈ ಉಕ್ಕಿನ ದೊರೆ. ಸರಿ. ಕಣ್ಣು ಯಾರಿಗೆ ಬೇಕು?" ಎಂದು ಅತ್ತೆ ಕನ್ನಡಕ ತೆಗೆದಿಟ್ಟರು. "ಮೇಷ್ಟ್ರೇ, ಒಂದೈದು ನಿಮಿಷ ಬಾಯಿ ಮುಚ್ಕೊಂಡಿರಿ. ಸೌಂಡ್ ಜಾಸ್ತಿ ಮಾಡು ಮಗಳೇ."

ಅತ್ತೆ ಕಣ್ಣು ಮುಚ್ಚಿಕೊಂಡು ಆಡತೊಡಗಿದರು. ಮೂವತ್ತೆರಡು ವರ್ಷ ಮುಖ ಕಾಣದ ಜನರ ಉಸಿರಲ್ಲೇ ಅವರ ಸಿಟ್ಟು, ಸುಳ್ಳು, ಅವಸರ ಎಲ್ಲ ಗುರುತಿಸಿದ ಕಿವಿ ಅದು. ಉಕ್ಕಿನ ದೊರೆ ಹೊಡೆಯುವ ಮುನ್ನ ಪ್ರತಿಸಲವೂ ಮೂಗಿನಲ್ಲಿ ಸಣ್ಣಗೆ ಉಸಿರು ಎಳೆದುಕೊಳ್ಳುತ್ತಿದ್ದ. ಉಸಿರು ಕೇಳಿತು, ಅತ್ತೆಯ ಬೆರಳು ಅಲ್ಲಾಡಿತು, ಮಹಾವೀರ ತಪ್ಪಿಸಿಕೊಂಡ, ಗುದ್ದಿದ. ಮತ್ತೆ ಉಸಿರು, ಮತ್ತೆ ಗುದ್ದು. ಕೋಣೆಯಲ್ಲಿ ಬೇರೆ ಯಾರೂ ಉಸಿರಾಡಲಿಲ್ಲ. ದೀಪ ಹಾಕುವ ಹೊತ್ತಿಗೆ ಉಕ್ಕಿನ ದೊರೆ ಗುಜರಿ ಸಾಮಾನಿನ ರಾಶಿಯಾಗಿ ಬಿದ್ದಿದ್ದ.

ಮೇಷ್ಟ್ರು ಚಪ್ಪಾಳೆ ತಟ್ಟಿದರು. ಅಳಿಯನೂ ತಟ್ಟಿದ. ದುಃಖದಲ್ಲೂ ಅವನಿಗೆ ಹೆಮ್ಮೆ ತಡೆಯಲಾಗಲಿಲ್ಲ. ಅಷ್ಟರಲ್ಲಿ ತೆರೆಯ ಮೇಲೆ ಬಳ್ಳಿಯ ಅಂಚು, ಎರಡು ಗಿಣಿ, ನಡುವೆ ಬಂಗಾರದ ಅಕ್ಷರ ಮೂಡಿತು. ಅಕ್ಷರ ಕಂಡರೆ ಸುಮ್ಮನಿರಲಾರದ ಮೇಷ್ಟ್ರು ಎದ್ದುನಿಂತು ಗಟ್ಟಿಯಾಗಿ ಓದಿದರು:

"ಪೂಜ್ಯ ಅತ್ತೆಯವರಿಗೆ ಸಾಷ್ಟಾಂಗ ನಮಸ್ಕಾರಗಳು. ಈಗ ಮುಗಿದದ್ದು ಆಟದ ಅರ್ಧ ಭಾಗ ಮಾತ್ರ. ಉಳಿದರ್ಧವನ್ನು ನಮ್ಮ ಸ್ವಗೃಹದಲ್ಲಿ ಏರ್ಪಡಿಸಲಾಗಿದೆ. ತಾವು ನಾಳೆ ಎಂಟರ ಬಸ್ಸಿಗೇ ಆಗಮಿಸಿ ಆಟವನ್ನು ಚೆಂದಗಾಣಿಸಿಕೊಡಬೇಕಾಗಿ ವಿನಂತಿ. ತಮ್ಮ ಆಗಮನಾಭಿಲಾಷಿ, ಹಿರಿಯ ಅಳಿಯ."

ಅಳಿಯ ಫೋನ್ ಎತ್ತಿಕೊಂಡ. "ಅಣ್ಣ, ಇದು ನ್ಯಾಯಾನಾ?"

"ಕೋಪ ಮಾಡ್ಕೋಬೇಡಪ್ಪ" ಎಂದ ಷಡ್ಡಕ, ದನಿ ಸಣ್ಣದಾಗಿತ್ತು. "ನಾಕು ತಿಂಗಳಾಯ್ತು ನಮ್ಮನೆ ಕಿಟಕೀಲಿ ಯಾರೂ ನಿಂತಿಲ್ಲ. ಗೆದ್ರೆ ನನಗೆ, ಸೋತ್ರೆ ನಿನಗೆ ಅಂತ ಅಂದ್ಕೊಂಡೆ. ನಿಜ ಹೇಳ್ತೀನಿ, ಗೆಲ್ತಾರೆ ಅಂತ ನನಗೂ ಗೊತ್ತಿರಲಿಲ್ಲ."

ಅಳಿಯ ಫೋನ್ ಇಟ್ಟ. ಅತ್ತೆ ಅವನನ್ನೇ ನೋಡುತ್ತಿದ್ದರು.

"ಬೆಳಿಗ್ಗೆ ನೀವೊಂದು ಮಾತು ಹೇಳಿದ್ರೆ ಇದ್ದುಬಿಡ್ತಿದ್ದೆನಲ್ಲ ಅಳಿಯಂದ್ರೆ. ಅದಕ್ಕೇ ನಿಮ್ಮ ಎದುರಿಗೇ ಬ್ಯಾಗ್ ಜಿಪ್ಪು ಎಳೆದದ್ದು. ಎರಡು ಸಲ ಎಳೆದೆ."

"ಈಗ ಹೇಳಿದ್ರೆ?"

"ಈಗ ಅರ್ಧ ಆಟ ಅಲ್ಲಿದೆ. ನಾನು ಯಾವುದನ್ನೂ ಅರ್ಧಕ್ಕೆ ಬಿಡೋಳಲ್ಲ, ನಿಮಗೇ ಗೊತ್ತು."

ಅವನ ಮುಖ ನೋಡಲಾಗದೆ ಅತ್ತೆ ಮಡಿಸಿಟ್ಟ ಹೊಸ ಸ್ವೆಟರನ್ನು ಎತ್ತಿಕೊಂಡರು. ಎಡತೋಳಿನ ಅಂಚಿನಲ್ಲಿ ಗಂಟು ಹುಡುಕಿ ದಾರ ಎಳೆದರು. ಸರಸರನೆ ಸಾಲು ಸಾಲು ಬಿಚ್ಚಿಕೊಂಡು ನೋಡನೋಡುತ್ತಲೇ ಒಂದು ತೋಳು ಉಂಡೆಯಾಯಿತು. ಉಂಡೆಯನ್ನೂ ಸೂಜಿಯನ್ನೂ ಅಳಿಯನ ಕೈಗಿಟ್ಟರು.

"ಇದೂ ಈಗ ಅರ್ಧ ಆಯ್ತು. ಮುಗಿಸೋಕೆ ಬರಲೇಬೇಕಲ್ಲ ನಾನು."

ಅಳಿಯ ಉಂಡೆಯನ್ನು ಎದೆಗೊತ್ತಿಕೊಂಡು ಅತ್ತ. ಮೇಷ್ಟ್ರು ಮರೆತ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು.

ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಒಳ್ಳೆಯ ಚಳಿ. ಒಂದೇ ತೋಳಿನ ಸ್ವೆಟರ್ ತೊಟ್ಟು ನಿಂತವನನ್ನು ಜನ ತಿರುತಿರುಗಿ ನೋಡಿದರು. ಅತ್ತೆ ಕಿಟಕಿಯ ಸೀಟಿನಲ್ಲಿ ಕೂತರು. ಬಸ್ಸು ಹೊರಟು ಹತ್ತು ಮಾರು ಹೋದಮೇಲೆ, ನಲವತ್ತೊಂದು ವರ್ಷ ಅಂಗುಳಕ್ಕಂಟಿದ್ದ ನಾಲಿಗೆ ಒಮ್ಮೆಲೇ ಬಿಟ್ಟುಕೊಂಡಿತು.

"ಅತ್ತೇ! ಹೋಗಬೇಡೀ! ನಮ್ಮನೇಲೇ ಇದ್ದುಬಿಡೀ!"

ಡ್ರೈವರು ಹೆದರಿ ಬ್ರೇಕ್ ಹಾಕಿದ. ನಲವತ್ತು ತಲೆಗಳು ಹಿಂದಕ್ಕೆ ತಿರುಗಿದವು. ಅತ್ತೆ ಕಿಟಕಿಯಿಂದ ಇಣುಕಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೂಗಿದರು:

"ಎಷ್ಟು ಚೆನ್ನಾಗಿ ಹೇಳೋಕೆ ಬರುತ್ತಲ್ಲ ನಿಮಗೆ! ನಿನ್ನೆ ಏನಾಗಿತ್ತು?" ಆಮೇಲೆ ಕಂಡಕ್ಟರನ ಕಡೆ ತಿರುಗಿ, "ರೈಟ್ ಹೇಳಪ್ಪ, ಅಲ್ಲಿ ಅರ್ಧ ಆಟ ಬಾಕಿ ಇದೆ" ಎಂದರು.

ಬಸ್ಸು ಹೋಯಿತು. ಅಳಿಯ ಬಹಳ ಹೊತ್ತು ಕೈ ಬೀಸುತ್ತ ನಿಂತಿದ್ದ, ತೋಳಿಲ್ಲದ ಕೈ.