ಮಾವನಿಗೊಂದು ಸಾಗವಾನಿ ಕುರ್ಚಿ

"ಈ ಸಲ ನಿಮ್ಮಪ್ಪನ್ನ ನಮ್ಮನ್ಯಾಗ ಕುಂದರಿಸೇ ತೀರತೀನಿ!"

ಹಾವೇರಿಯ ಶಶಿಕಾಂತ ಹೀಗೊಂದು ಘೋರ ಪ್ರತಿಜ್ಞೆ ಮಾಡಿದಾಗ ಅವನ ಹೆಂಡತಿ ಸುರೇಖಾ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬಡಿತದ ಸದ್ದು ಸ್ವಲ್ಪ ಜೋರಾಯಿತು.

ಮಾವ ಪ್ರಭುಲಿಂಗಪ್ಪನವರದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಮಗಳ ಮನೆಗೆ ಆಗಾಗ ಬರುತ್ತಿದ್ದರು. ಬಂದವರು ನಿಂತೇ ಮಾತಾಡಿ, ನಿಂತೇ ಚಹಾ ಕುಡಿದು, ನಿಂತ ನಿಲುವಿನಲ್ಲೇ ಹೊರಟುಬಿಡುತ್ತಿದ್ದರು. ಕೂರುತ್ತಿರಲಿಲ್ಲ! ಅದಕ್ಕೆ ಕಾರಣ ಅಳಿಯನ ಕಲಾಪ್ರೇಮ.

ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಶಶಿಕಾಂತನಿಗೆ ಹಳೆಯ ಸಾಮಾನಿಗೆ ಹೊಸ ಬಾಳು ಕೊಡುವ ಹುಚ್ಚು ಹತ್ತಿತ್ತು. ಅವನ ಮನೆಯಲ್ಲಿ ಎತ್ತಿನ ಚಕ್ಕಡಿಯ ಗಾಲಿ ಟೀಪಾಯಿಯಾಗಿತ್ತು. ಹಾರ್ಮೋನಿಯಂ ಪೆಟ್ಟಿಗೆ ಚಪ್ಪಲಿ ಗೂಡಾಗಿತ್ತು. ಬೀಸುಕಲ್ಲು ಗೋಡೆ ಗಡಿಯಾರವಾಗಿತ್ತು. ಅದರ ಕೆಳಗೆ ನಿಂತು ಟೈಮು ನೋಡುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಗೃಹಪ್ರವೇಶದ ಮನೆಶಾಂತಿಯ ಹೊತ್ತಿಗೆ ಅವನು ಹಳೆಯ ಮೆಣಸಿನಕಾಯಿ ಚೀಲಗಳನ್ನು ತಂದು ಸೋಫಾಕ್ಕೆ ಹೊದಿಕೆ ಹೊಲಿಸಿದ್ದ. ಒಗೆದರೆ ಹಳೆಯ ಸೊಗಡು ಹೋದೀತೆಂದು ಒಗೆಸಿರಲಿಲ್ಲ. ಪ್ರಭುಲಿಂಗಪ್ಪನವರು ಮೆಣಸಿನಕಾಯಿ ರಾಶಿಗಳ ನಡುವೆಯೇ ಕೂದಲು ಬೆಳ್ಳಗೆ ಮಾಡಿಕೊಂಡ ಗಂಡಸು. ಅಂಥವರೂ ಆ ದಿನದ ಊಟಕ್ಕೆ ಆ ಸೋಫಾದ ಮೇಲೆ ಕುಳಿತು ಎರಡನೇ ತುತ್ತು ಬಾಯಿಗಿಡುವಷ್ಟರಲ್ಲಿ ಚಂಗನೆ ಎದ್ದರು. ಎಲ್ಲಿ ಉರಿಯುತ್ತಿದೆ ಎಂದು ಬೀಗರೆದುರು ಹೇಳುವಂತಿರಲಿಲ್ಲ. ಅರ್ಧ ಊಟಕ್ಕೆ ಕೈ ತೊಳೆದುಕೊಂಡು ಹೋದವರು ಮತ್ತೆ ಆ ಮನೆಯಲ್ಲಿ ಕುಳಿತಿರಲಿಲ್ಲ.

"ನಮ್ಮಪ್ಪಗ ಎಪ್ಪತ್ತೈದು ತುಂಬತಾವ," ಎಂದಳು ಸುರೇಖಾ, ಕೊನೆಯ ರೊಟ್ಟಿ ಹಂಚಿನಿಂದ ಇಳಿಸಿ. "ಆ ದಿನ ಅವರು ನನ್ನ ಮನ್ಯಾಗ ಕುಂತು, ಹೊಟ್ಟಿ ತುಂಬ ಉಂಡು ಹೋಗಬೇಕು. ಎಲ್ಲಾ ಹೆಣ್ಮಕ್ಕಳ ಅಪ್ಪಂದಿರು ಕುಂದರತಾರ, ನಮ್ಮಪ್ಪ ಬಸ್‌ಸ್ಟ್ಯಾಂಡಿನ್ಯಾಗ ನಿಂತಂಗ ನಿಂತಿರತಾರ. ಈ ಸಲಾನೂ ಕುಂದರಲಿಲ್ಲಂದ್ರ ನಿಮ್ಮ ಈ ಸಾಮಾನೆಲ್ಲಾ ಗುಜರಿಗೆ! ಆ ಗಡಿಯಾರದಿಂದನ ಸುರು ಮಾಡ್ತೀನಿ!"

ಶಶಿಕಾಂತನಿಗೂ ಕೆಡುಕೆನಿಸಿತು. ಆದರೆ ಹೊಸ ಕುರ್ಚಿ ತಂದು ಸಮಸ್ಯೆ ಬಗೆಹರಿಸುವುದು ಅವನ ಘನತೆಗೆ ತಕ್ಕದ್ದಾಗಿರಲಿಲ್ಲ. ಮರುದಿನವೇ ರಾಣೆಬೆನ್ನೂರಿನ ಬಸ್ಸು ಹತ್ತಿ ಯೂಸುಫಸಾಬನ ಹಳೆ ಸಾಮಾನಿನ ಅಂಗಡಿಗೆ ಹೋದ.

ಹೋದದ್ದೇನೋ ಹೋದ, ಸಂಶಯವನ್ನೂ ಜೊತೆಗೇ ಒಯ್ದ. ಶಶಿಕಾಂತ ಒಂದು ಸಹಕಾರಿ ಸಂಘದ ಕ್ಯಾಷಿಯರ್. ಹೆಂಡತಿ ಕೊಟ್ಟ ಹತ್ತರ ನೋಟನ್ನೂ ಬೆಳಕಿಗೆ ಹಿಡಿದು ನೋಡಿ ಕಿಸೆಗಿಡುವ ಪೈಕಿ. ಆದರೆ ಅಂಗಡಿಯ ಮೂಲೆಯಲ್ಲಿ ಆ ಕುರ್ಚಿ ಕಂಡದ್ದೇ ಅವನ ಎದೆ ಡವಗುಟ್ಟಿತು. ಗಟ್ಟಿ ಸಾಗವಾನಿ! ಆಳೆತ್ತರದ ನೆಟ್ಟನೆಯ ಬೆನ್ನು, ಕೈಗಳ ತುದಿಗೆ ಕೆತ್ತಿದ ಗಿಳಿಗಳು, ಎರಡೂ ಮಗ್ಗುಲಿಗೆ ಕಬ್ಬಿಣದ ದಪ್ಪ ಕಡಗಗಳು. ಕುತ್ತಿಗೆ ಆನಿಸಲು ಬೆನ್ನಿನಲ್ಲಿ ನುಣ್ಣಗೆ ಕಡೆದ ಒಂದು ಕುಳಿ ಬೇರೆ.

"ಇದು ಯಾರದು?" ಎಂದ, ಕಳವಿನ ಮಾಲಿರಬಹುದೆಂಬ ಗುಮಾನಿಯಿಂದ.

"ಬ್ಯಾಡಗಿ ಕಡೆ ಹಳ್ಳಿಂದ್ರಿ. ಗುಡಿ ಹಿಂದಿನ ಖೋಲ್ಯಾಗ ಇತ್ತಂತ. ತಂದು ಹಾಕಿದಾವ ಹೇಳಿದ, ಊರಾಗಿನ ದೊಡ್ಡ ದೊಡ್ಡ ಗೌಡ್ರು, ಶೆಟ್ರು ಎಲ್ಲಾ ಇದರ ಮ್ಯಾಲ ಕುಂತಾರಂತ."

"ಈ ಕಡಗ?"

"ಹೊತ್ಕೊಂಡು ಹೋಗಾಕಂತರಿ."

ಶಶಿಕಾಂತನ ಕಣ್ಣೆದುರು ಇಡೀ ಇತಿಹಾಸ ಬಿಚ್ಚಿಕೊಂಡಿತು. ದೇಸಾಯರು! ಹೊರುವ ಆಳುಗಳು! ಮುಂದೆ ವಾದ್ಯ, ಹಿಂದೆ ಜನ! ಇಂಥ ಸಿಂಹಾಸನದ ಮೇಲೆ ಕೂರುವುದಿಲ್ಲ ಅನ್ನಲು ಮಾವನೇನು, ಮಾವನ ಅಪ್ಪನಿಗೂ ಸಾಧ್ಯವಿಲ್ಲವೆಂದು ಅವನಿಗೆ ಖಾತ್ರಿಯಾಯಿತು.

ಕುರ್ಚಿ ಹಾವೇರಿಗೆ ಬಂತು. ಪಾಲೀಶು ಮಾಡಲು ಬಂದ ಬಡಿಗೇರ ಚನ್ನೇಶ ಕೆತ್ತನೆಯ ಸಂದಿಗಳಿಂದ ಬೆಳ್ಳನೆಯ ಪುಡಿ ಕೆರೆದು ತೆಗೆದ. ಮೂಸಿ ನೋಡಿದರೆ ವಿಭೂತಿ! ಜೊತೆಗೆ ಒಣಗಿದ ಚೆಂಡುಹೂವಿನ ಎಸಳು!

"ನೋಡಿದ್ಯಾ?" ಎಂದ ಶಶಿಕಾಂತ ಹೆಂಡತಿಗೆ. "ದೇಸಾಯರಷ್ಟ ಅಲ್ಲ, ಸ್ವಾಮಿಗಳೂ ಕುಂತಾರ!"

"ಯಾರರ ಕುಂದರಲಿ, ನಮ್ಮಪ್ಪ ಕುಂತ್ರ ಸಾಕು," ಎಂದಳು ಸುರೇಖಾ.

ಅಲ್ಲಿಂದ ಒಬ್ಬೊಬ್ಬರೇ ವಿಚಿತ್ರವಾಗಿ ಆಡತೊಡಗಿದರು. ಎದುರು ಮನೆಯ ಉಚ್ಚಂಗೆವ್ವ ಚಹಾಕ್ಕೆ ಬಂದವಳು ಕುರ್ಚಿ ನೋಡಿ ಬಾಯಿಗೆ ಸೆರಗು ಹಿಡಿದಳು. ಅವಳ ತವರೂ ಬ್ಯಾಡಗಿ ಕಡೆಯ ಹಳ್ಳಿಯೇ.

"ಇದನ್ನ ಮನಿಯೊಳಗ ಯಾಕ ತಂದೀರೋ ತಮ್ಮಾ?"

"ಯಾಕ, ಚಂದ ಇಲ್ಲೇನು?"

"ಬ್ಯಾಡಪಾ, ನನ್ನ ಬಾಯಿಂದ ಆ ಮಾತು ಬ್ಯಾಡ. ಹೋಗಿ ತಲೀ ಮ್ಯಾಲ ನೀರು ಹಾಕ್ಕೋತೀನಿ," ಎಂದವಳೇ ಚಹಾ ಅಲ್ಲೇ ಬಿಟ್ಟು ನಡೆದಳು.

"ಹೊಟ್ಟಿಕಿಚ್ಚು!" ಎಂದು ತೀರ್ಪು ಕೊಟ್ಟ ಶಶಿಕಾಂತ. "ಹೊಟ್ಟ್ಯಾಗಿನ ಬೆಂಕಿ ಆರಿಸಾಕ ತಲೀಗೆ ನೀರು!"

ಸಂಜೆಗೆ ಯೂಸುಫಸಾಬನ ಫೋನು ಬಂತು.

"ಸಾಹೇಬ್ರ, ಆ ಕುರ್ಚಿ ವಾಪಸ್ ಕೊಡ್ರಿ. ನಿಮ್ಮ ರೊಕ್ಕದ ಮ್ಯಾಲ ಇನ್ನೊಂದಿಷ್ಟು ಇಟ್ಟು ಕೊಡ್ತೀನಿ."

"ಯಾಕ?"

"ಅದು ಫೋನಿನ್ಯಾಗ ಹೇಳೂ ಮಾತಲ್ಲರಿ."

ಶಶಿಕಾಂತ ಫೋನು ಇಟ್ಟು ಬಾಗಿಲ ಚಿಲಕ ಹಾಕಿದ. ಗುಜರಿಯವನು ಮಾರಿದ ಮಾಲನ್ನು ಹೆಚ್ಚು ಕೊಟ್ಟು ವಾಪಸ್ ಕೇಳುತ್ತಾನೆಂದರೆ ಅರ್ಥವೇನು? ಫೋನಿನಲ್ಲಿ ಹೇಳುವ ಮಾತಲ್ಲವೆಂದರೆ ಅರ್ಥವೇನು? ಬಂಗಾರ! ಕುರ್ಚಿಯೊಳಗೆ ದೇಸಾಯರ ಬಂಗಾರ!

ಬೆರಳಿನಿಂದ ತಟ್ಟಿ ಕಿವಿಗೊಟ್ಟ. ಆಯಸ್ಕಾಂತ ಹಿಡಿದು ನೋಡಿದ. ಬಂಗಾರಕ್ಕೆ ಆಯಸ್ಕಾಂತ ಹತ್ತುವುದಿಲ್ಲವೆಂದು ಸುರೇಖಾ ನೆನಪಿಸಿದ ಮೇಲೆ, ಖೋಟಾ ನೋಟು ಪತ್ತೆ ಹಚ್ಚುವ ನೀಲಿ ದೀಪವನ್ನು ಸಂಘದಿಂದ ತಂದು ಕುರ್ಚಿಯ ಇಂಚಿಂಚಿಗೂ ಹಾಯಿಸಿದ. ಏನೂ ಕಾಣಲಿಲ್ಲ. ಏನೂ ಕಾಣದ್ದರಿಂದ ಅನುಮಾನ ಇಮ್ಮಡಿಯಾಯಿತು. ಎಷ್ಟು ಚೊಲೋ ಬಚ್ಚಿಟ್ಟಿದ್ದಾರೆ, ಕಳ್ಳರು! ಯೂಸುಫಸಾಬ ಮತ್ತೆ ಮತ್ತೆ ಫೋನು ಮಾಡಿದ. "ಒಂದ್ ಮಾತು ಕೇಳ್ರಿ ಸಾಹೇಬ್ರ, ಆ ಕುರ್ಚಿ..." ಎನ್ನುವಷ್ಟರಲ್ಲಿ ಶಶಿಕಾಂತ, "ತಿಳೀತು, ಎಲ್ಲಾ ತಿಳೀತು!" ಎಂದು ಕಟ್ ಮಾಡುತ್ತಿದ್ದ. ಸೈಕಲ್ಲಿನ ಸರಪಳಿ ತಂದು ಕುರ್ಚಿಯನ್ನು ಕಿಟಕಿಯ ಸರಳಿಗೆ ಬಿಗಿದ. ಹಾಲಿನವನು ಕುರ್ಚಿಯತ್ತ ನೋಡಿದನೆಂದು ಹಾಲಿನವನನ್ನೇ ಬದಲಾಯಿಸಿದ.

"ನಮ್ಮಪ್ಪ ಬಂದಾಗರ ಆ ಸರಪಳಿ ತಗೀರಿ," ಎಂದಳು ಸುರೇಖಾ ನಿಟ್ಟುಸಿರಿಟ್ಟು. "ಎಮ್ಮಿ ಕಟ್ಟಿದಂಗ ಕಾಣತೈತಿ."

ಎಪ್ಪತ್ತೈದು ತುಂಬಿದ ದಿನ ಪ್ರಭುಲಿಂಗಪ್ಪನವರು ಬಂದರು. ಸರಪಳಿ ಬಿಚ್ಚಿ, ಕಡಗಗಳಿಗೆ ರೇಷ್ಮೆ ಗೊಂಡೆ ಕಟ್ಟಿ, ಕೆಂಪು ಮಖಮಲ್ಲಿನ ಗಾದಿ ಹಾಕಿ ಶಶಿಕಾಂತ ಕೈಮುಗಿದು ನಿಂತಿದ್ದ.

"ಕುಂದರ್ರಿ ಮಾವಾರ."

ಮಾವ ಗಾದಿಯನ್ನು ಮೊದಲು ಮೂಸಿದರು. ಆಮೇಲೆ ಬೆರಳಿನಿಂದ ಒತ್ತಿ, ಆ ಬೆರಳನ್ನು ನಾಲಿಗೆಗೆ ಮುಟ್ಟಿಸಿ ನೋಡಿದರು. ಖಾರವಿರಲಿಲ್ಲ. ಮಗಳ ಮುಖ ನೋಡಿದರು. ಸುರೇಖಾ ಉಸಿರು ಬಿಗಿಹಿಡಿದು ನಿಂತಿದ್ದಳು. ನಿಧಾನವಾಗಿ ಕುಳಿತೇಬಿಟ್ಟರು!

"ಆಹಾ! ಬೆನ್ನಿಗೆ ಭಾಳ ಆರಾಮ ಐತಿ ಅಳಿಯಂದಿರ. ನನ್ನ ಅಳತೀ ತಗೊಂಡ ಮಾಡಿಸಿದಂಗೈತಿ."

ಶಶಿಕಾಂತ ಗೆದ್ದ! ಮಾವನಿಗೆ ರೇಷ್ಮೆ ರುಮಾಲು ಸುತ್ತಿದ, ಶಾಲು ಹೊದಿಸಿದ, ಮೊಣಕಾಲು ಮುಟ್ಟುವಂಥ ಹೂವಿನ ಹಾರ ಹಾಕಿದ, ಹತ್ತಾರು ಫೋಟೋ ಹೊಡೆದ. ಅದೇ ಕುರ್ಚಿಯಲ್ಲಿ ಕುಳಿತು ಮಾವ ತುಪ್ಪ ಸುರಿದುಕೊಂಡು ಶೇಂಗಾ ಹೋಳಿಗೆ ಹೊಡೆದರು. ಹೊಟ್ಟೆ ಭಾರವಾಗಿ ಅಲ್ಲೇ ಕಣ್ಣು ಮುಚ್ಚಿದರು. ಬೆನ್ನು ನೆಟ್ಟಗೆ, ಕುತ್ತಿಗೆ ಕುಳಿಯಲ್ಲಿ ಭದ್ರ. ನಿದ್ದೆಯಲ್ಲಿ ಮುಂದಕ್ಕೆ ಜಾರಬಾರದೆಂದು ಅಳಿಯ ಶಾಲನ್ನು ಎದೆಗೆ ಸುತ್ತಿ ಕುರ್ಚಿಯ ಹಿಂದೆ ಗಂಟು ಹಾಕಿದ. ನೊಣ ಬಾರದಂತೆ ಊದಿನಕಡ್ಡಿ ಹಚ್ಚಿಟ್ಟ. ಸುರೇಖಾ ಮೂಲೆಯಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಎಷ್ಟು ವರ್ಷದ ಮೇಲೆ ಅಪ್ಪ ತನ್ನ ಮನೆಯಲ್ಲಿ ಕುಳಿತು ಉಂಡಿದ್ದರು! ಸಂತೋಷಕ್ಕೆ ಅಳು ತಡೆಯಲಾಗಲಿಲ್ಲ ಅವಳಿಗೆ.

ಅಷ್ಟರಲ್ಲಿ ಬಾಗಿಲಿಗೆ ಟೆಂಪೋ ಬಂದು ನಿಂತಿತು. ಯೂಸುಫಸಾಬ ಇಳಿದ. ಅವನ ಹಿಂದೆ ಬಿಳಿ ಮೀಸೆಯ ಡಾಕಪ್ಪನೆಂಬ ಹಿರಿಯ, ಅವನ ಹಿಂದೆ ನಾಲ್ವರು ಗಟ್ಟಿ ಆಳುಗಳು.

ಹಾಡಹಗಲ ದರೋಡೆ! ಶಶಿಕಾಂತ ಎರಡೂ ತೋಳು ಚಾಚಿ ಕುರ್ಚಿಗೆ ಅಡ್ಡ ನಿಂತ. ಆದರೆ ಹೊಸ್ತಿಲಲ್ಲಿ ಡಾಕಪ್ಪ ಗಕ್ಕನೆ ನಿಂತ. ಹಾರ ನೋಡಿದ, ಕಟ್ಟಿದ ಶಾಲು ನೋಡಿದ, ಊದಿನಕಡ್ಡಿ ನೋಡಿದ, ಅಳುತ್ತಿದ್ದ ಮಗಳನ್ನು ನೋಡಿದ. ತಲೆಯ ರುಮಾಲು ತೆಗೆದು ಕಂಕುಳಲ್ಲಿಟ್ಟು ಕೈಮುಗಿದ.

"ಹಿರೇರು ನಿಮಗ ಏನಾಗಬೇಕ್ರಿ?" ಎಂದ ಮೆಲ್ಲಗೆ.

"ನಮ್ಮ ಮಾವಾರು. ಕುರ್ಚಿ ಮುಟ್ಟಿದ್ರ ಪೊಲೀಸರಿಗೆ ಫೋನ್ ಮಾಡ್ತೀನಿ!"

"ಛೇ ಛೇ, ಮುಟ್ಟಂಗಿಲ್ಲರಿ. ಎಷ್ಟೊತ್ತಾತು?"

"ಅರ್ಧ ತಾಸಾತು. ಹೋಳಿಗಿ ಉಂಡು ಹಂಗ ಕಣ್ಣ ಮುಚ್ಚಿದ್ರು."

"ಹೋಳಿಗಿ ಉಂಡು!" ಡಾಕಪ್ಪನ ಕಣ್ಣು ತೇವವಾಯಿತು. "ಏನ್ ಪುಣ್ಯವಂತರು! ನಮ್ಮ ಕಾಕಾ ಗಂಜಿನೂ ಇಳೀಲಾರದ ಹೋದ್ರು ಇವತ್ತ ಮುಂಜಾನಿ. ಅಳಬ್ಯಾಡವಾ ತಂಗಿ, ಮುಖದ ಮ್ಯಾಲ ಏನ್ ಕಳಾ ಐತಿ ನೋಡು. ಸಾಬರ, ಮೊದಲ ಇವರದ ಮುಗೀಲಿ, ನಮ್ಮದನ್ನ ಸಂಜಿಗೆ ಇಟ್ಟುಕೊಳ್ಳೂಣು. ಮಣ್ಣು ಇಲ್ಲೇ ಮಾಡ್ತೀರೋ, ಊರಿಗೆ ಒಯ್ತೀರೋ?"

"ಮಣ್ಣು?" ಚಾಚಿದ ತೋಳುಗಳು ತಾವಾಗಿಯೇ ಇಳಿದವು.

"ಇದನ್ನ ಹೇಳಾಕ ನಾ ಅಷ್ಟ ಸಲ ಫೋನ್ ಮಾಡಿದ್ನಲ್ಲರಿ ಸಾಹೇಬ್ರ!" ಎಂದ ಯೂಸುಫಸಾಬ. "ಇವರ ಊರಾಗ ಯಾರರ ತೀರಿಕೊಂಡ್ರ ಕುಂದರಿಸಿ ಒಯ್ಯೂ ಕುರ್ಚಿರಿ ಇದು! ದುರುಗೇಶ ಅನ್ನಾವ ಗುಡಿ ಖೋಲಿ ಹಸನ ಮಾಡುವಾಗ ಊರವರನ್ನ ಕೇಳಲಾರದ ನನಗ ಮಾರಿದ್ದ, ಅವರು ಹುಡುಕ್ಕೋಂತ ಬಂದಾಗ ನನಗೂ ತಿಳೀತು. ಮಾವಾರನ್ನ ಕುಂದರಸಾಕ ಅಂತ ನೀವು ಅಷ್ಟ ಖುಷೀಲೆ ಒಯ್ದೀರಿ. ಫೋನಿನ್ಯಾಗ ಹೆಂಗ ಹೇಳ್ಳಿ?"

ಲಿಂಗಾಯತರ ಮನೆಗಳಲ್ಲಿ ತೀರಿಕೊಂಡವರನ್ನು ಮಲಗಿಸಿ ಒಯ್ಯುವುದಿಲ್ಲ. ವಿಭೂತಿ ಹಚ್ಚಿ, ಹಾರ ಹಾಕಿ, ಕುರ್ಚಿಯಲ್ಲಿ ಕೂರಿಸಿ, ಜಾರದಂತೆ ಕಟ್ಟಿ, ಭಜನೆ ಮಾಡುತ್ತ ಒಯ್ಯುತ್ತಾರೆ. ಶಶಿಕಾಂತನಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಚಿಕ್ಕಂದಿನಿಂದ ಎಷ್ಟೋ ಸಲ ಅಂಥ ಮೆರವಣಿಗೆಯ ಹಿಂದೆ ನಡೆದವನೇ. ಕಡಗ, ಕುಳಿ, ವಿಭೂತಿ, ಹೂವು ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡಿದ್ದ ಕ್ಯಾಷಿಯರನ ಬೆನ್ನ ಮೇಲೆ ಬೆವರು ಹರಿಯಿತು. ಸುರೇಖಾ, "ಅಯ್ಯ ನನ್ನಪ್ಪಾ!" ಎಂದು ಚೀರಿದಳು.

ಆ ಚೀರಾಟಕ್ಕೆ ಪ್ರಭುಲಿಂಗಪ್ಪನವರು ಕಣ್ಣು ತೆರೆದರು. ಡಾಕಪ್ಪ ಯೂಸುಫಸಾಬನ ಹಿಂದೆ ಅಡಗಿದ. ನಾಲ್ವರು ಆಳುಗಳು ಟೆಂಪೋದಲ್ಲಿ ಕಂಡರು.

ಅರೆನಿದ್ದೆಯಲ್ಲೇ ಎಲ್ಲ ಮಾತೂ ಅವರ ಕಿವಿಗೆ ಬಿದ್ದಿತ್ತೋ ಏನೋ, ಮಾವ ಸಿಟ್ಟಾಗಲಿಲ್ಲ. ಪೇಟೆಯಲ್ಲಿ ಮಾಲು ವಿಚಾರಿಸುವ ಗಂಭೀರ ಧ್ವನಿಯಲ್ಲಿ ಕೇಳಿದರು:

"ಯಜಮಾನ್ರ, ಈ ಕುರ್ಚಿ ಮ್ಯಾಲ ಕುಂತು ಎದ್ದವರು ಯಾರರ ಅದಾರೇನು?"

ಡಾಕಪ್ಪ ಯೂಸುಫಸಾಬನ ಹೆಗಲ ಮೇಲಿಂದ ಇಣುಕಿದ. "ಇಲ್ಲರಿ... ನಾ ತಿಳದಂಗ ನೀವ ಮೊದಲಿನವರು."

"ಹಂಗಾರ ಅಳಿಯಂದಿರ, ಲಗೂನ ಗಂಟು ಬಿಚ್ಚರಿ!"

ಗಡಿಬಿಡಿಯಲ್ಲಿ ಗಂಟು ಮತ್ತಷ್ಟು ಬಿಗಿಯಾಯಿತು. ಕೊನೆಗೆ ಸುರೇಖಾ ಈಳಿಗೆ ತಂದು ಹೊಸ ಶಾಲನ್ನೇ ಕೊಯ್ದು ಅಪ್ಪನನ್ನು ಬಿಡಿಸಿದಳು. ಕುರ್ಚಿ ಟೆಂಪೋ ಹತ್ತಿತು. ಹೊರಡುವ ಮುಂಚೆ ಡಾಕಪ್ಪ ಶಶಿಕಾಂತನ ಎರಡೂ ಕೈ ಹಿಡಿದುಕೊಂಡ.

"ಪಾಲೀಶ ಭಾಳ ಚಂದ ಮಾಡಿಸೀರಿ. ಮ್ಯಾಲ ಗಾದಿ ಬ್ಯಾರೆ! ನಾವು ಹೊರಗಿನವರಿಗೆ ಕೊಡಂಗಿಲ್ಲ, ಆದ್ರ ನಿಮ್ಮ ಮನಿಗೆ ಯಾವಾಗ ಬೇಕಂದ್ರೂ ಒಂದ್ ಫೋನ್ ಮಾಡ್ರಿ, ಕಳಸ್ತೇವಿ."

ಮಾವ ಕುಳಿತದ್ದು ಖರೆ; ಆದರೆ ಪ್ರತಿಜ್ಞೆ ಪೂರೈಸಿದೆನೆಂದು ಹೇಳುವ ಧೈರ್ಯ ಶಶಿಕಾಂತನಿಗೆ ಬರಲಿಲ್ಲ. ಗಡಿಯಾರ, ಗಾಲಿ, ಹಾರ್ಮೋನಿಯಂ ಪೆಟ್ಟಿಗೆ, ಸೋಫಾ ಎಲ್ಲವೂ ಅದೇ ವಾರ ಯೂಸುಫಸಾಬನ ಅಂಗಡಿ ಸೇರಿದವು. ಹಾಲ್ ತುಂಬ ಚಾಪೆಯೊಂದೇ ಉಳಿಯಿತು.

ಮುಂದಿನ ಸೋಮವಾರ ಪ್ರಭುಲಿಂಗಪ್ಪನವರು ಮತ್ತೆ ಬಂದರು. ಕೈಯಲ್ಲಿ ನೀಲಿ ಬಣ್ಣದ ಪ್ಲಾಸ್ಟಿಕ್ ಕುರ್ಚಿ. ಹಾಲಿನ ನಟ್ಟನಡುವೆ ಅದನ್ನಿಟ್ಟು, ಧೋತರ ಸರಿಮಾಡಿಕೊಂಡು, ಕಾಲ ಮೇಲೆ ಕಾಲು ಹಾಕಿ ಕುಳಿತರು. ಸುರೇಖಾಳ ಮುಖ ಅರಳಿತು. ಶಶಿಕಾಂತ ಮಾತ್ರ ಕುರ್ಚಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಹಳೆಯ ಚಾಳಿ, ಬಿಟ್ಟೀತೇ?

"ಇದನ್ನ ಎಲ್ಲಿಂದ ತಂದ್ರಿ ಮಾವಾರ?"

"ಸಂಶೆ ಬ್ಯಾಡ್ರಿ ಅಳಿಯಂದಿರ. ಹೊಸಾದೈತಿ. ನನ್ನ ಕಣ್ಣ ಮುಂದನ ಸುತ್ತಿದ ಹಾಳಿ ಹರದು ಕೊಟ್ಟಾರ. ನನಗಿಂತ ಮೊದಲ ಇದರ ಮ್ಯಾಲ ಯಾರೂ ಕುಂತಿಲ್ಲ," ಎಂದು ಮಾವ ಚಹಾದ ಕಪ್ಪು ಎತ್ತಿಕೊಂಡರು. "ನಾ ಇರೂತನಕ ನೀವೂ ಇದರ ಮ್ಯಾಲ ಕುಂದರಬ್ಯಾಡ್ರಿ."