ನನ್ನ ಆದಾಯ ಹೆಚ್ಚಿಸಿದ ಅಣ್ಣ

ಸರ್ಕಾರದವರ ಮುಂದೆ ಆದಾಯ ಕಡಿಮೆ ಹೇಳುವವರು ಎಲ್ಲ ಊರಿನಲ್ಲೂ ಇದ್ದಾರೆ. ಇದ್ದದ್ದಕ್ಕಿಂತ ಹೆಚ್ಚು ಹೇಳುವ ಮನುಷ್ಯ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕಿಗೆ ಒಬ್ಬನೇ. ಅವನು ನನ್ನ ಅಣ್ಣ. ಮಕ್ಕಳೇ, ನೀವು ಅಜ್ಜಂಪುರದ ಅಜ್ಜ ಎಂದು ಕರೆಯುತ್ತೀರಲ್ಲ, ಅವನೇ. ಬೀದಿಯ ಎಲ್ಲ ಮನೆಗೂ ಸೋಲಾರ್ ಬಂದ ಮೇಲೆ ನಮ್ಮ ಮನೆಗೆ ಏಕೆ ಇಷ್ಟು ತಡವಾಗಿ ಬಂತು ಎಂದು ಕೇಳಿದ್ದಿರಿ. ನಿಮ್ಮಮ್ಮನ ಎದುರಿಗೆ ಅದನ್ನು ಹೇಳಲು ನನಗೆ ಧೈರ್ಯ ಸಾಲಲಿಲ್ಲ. ಬರೆದರೆ ಯಾರೂ ಅಡ್ಡ ಮಾತಾಡುವುದಿಲ್ಲ.

ಅಣ್ಣ ಅಜ್ಜಂಪುರದಲ್ಲಿ ಸಣ್ಣ ಸೈಕಲ್ ಅಂಗಡಿ ಇಟ್ಟಿದ್ದವನು. ಊರಲ್ಲಿ ಸೈಕಲ್ಲುಗಳೆಲ್ಲ ಹೋಗಿ ಮೋಟಾರ್ ಬೈಕುಗಳು ಬಂದರೂ ವ್ಯಾಪಾರ ಹೇಗಿದೆ ಎಂದರೆ, "ಪುರುಸೊತ್ತಿಲ್ಲ ಕಣಪ್ಪ" ಎನ್ನುತ್ತಿದ್ದ. ಹಾಗೆನ್ನುವಾಗ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕಾಲು ಚಾಚಿ ಕುಳಿತಿರುತ್ತಿದ್ದ.

ಒಮ್ಮೆ ರೇಷನ್ ಕಾರ್ಡಿನ ವಿಚಾರಣೆಗೆ ಅವನ ಮನೆಗೆ ಒಬ್ಬಳು ಹುಡುಗಿ ಬಂದಳು. ಮನೆಯಲ್ಲಿ ಫ್ರಿಜ್ ಇದೆಯೇ ಎಂದು ಕೇಳಿದಳು. "ಎರಡೈತೆ" ಎಂದ. ಒಂದು ಕೆಟ್ಟು ಎಷ್ಟೋ ಕಾಲವಾಗಿ, ಅತ್ತಿಗೆ ಅದರೊಳಗೆ ರಾಗಿಹಿಟ್ಟು ತುಂಬಿಟ್ಟಿದ್ದರು. ಇನ್ನೊಂದು ಪಕ್ಕದ ಮನೆಯವರದು. ಅವರು ಸುಣ್ಣ ಬಳಿಸುತ್ತಿದ್ದರೆಂದು ನಾಲ್ಕು ದಿನಕ್ಕೆ ಇಲ್ಲಿ ತಂದಿಟ್ಟಿದ್ದರು. ಕಾರ್ಡು ಹೋಯಿತು. ಅತ್ತಿಗೆ ಅವನೊಂದಿಗೆ ಮಾತು ಬಿಟ್ಟರು. ಅವನು ಊರಿಗೆಲ್ಲ ಏನು ಹೇಳಿಕೊಂಡು ಬಂದ ಗೊತ್ತೇ? "ನಮ್ಮನೆಯೋಳು ಮೌನವ್ರತ ಹಿಡಿದವ್ಳೆ. ಅಂಥಾ ದೈವಭಕ್ತೆ."

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ನಿಮ್ಮ ತಾತ ತೀರಿಕೊಂಡ ಮೇಲೆ ಪ್ರತಿವರ್ಷ ಗೌರಿ ಹಬ್ಬದ ದಿನ ಅಣ್ಣನಿಗೆ ಬಸ್ಸು ತಪ್ಪುತ್ತದೆ. ಮಧ್ಯಾಹ್ನದ ಹೊತ್ತಿಗೆ ಪಂಚನಹಳ್ಳಿಯ ನಮ್ಮ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ.

"ತರೀಕೆರೆಗೆ ಅಂತ ಹೊರಟಿದ್ದೆ ಕಣೇ. ಕಣ್ಣು ಮಂಜು, ಬೋರ್ಡು ಕಾಣ್ಲಿಲ್ಲ. ಈ ಕಡೆ ಬಸ್ಸು ಹತ್ಬಿಟ್ಟೆ."

ಅಜ್ಜಂಪುರದಿಂದ ತರೀಕೆರೆ ಒಂದು ದಿಕ್ಕು, ಕಡೂರು ಇನ್ನೊಂದು ದಿಕ್ಕು. ಒಂದು ಬಸ್ಸನ್ನು ತಪ್ಪಿ ಹತ್ತಬಹುದು. ಕಡೂರಿನಲ್ಲಿ ಇಳಿದು, ಕಾದು, ಪಂಚನಹಳ್ಳಿಯ ಬಸ್ಸನ್ನೂ ತಪ್ಪಿ ಹತ್ತಲು ಸಾಧ್ಯವೇ? ಅದೂ ಪ್ರತಿವರ್ಷ, ಅದೇ ದಿನ? ನಾನು ಕೇಳಲಿಲ್ಲ. ಅವನ ಕೈಯಲ್ಲೊಂದು ಬಟ್ಟೆಯ ಚೀಲ ಇರುತ್ತದೆ. ಅಕ್ಕಿ, ತೊಗರಿಬೇಳೆ, ಬೆಲ್ಲದಚ್ಚು, ಒಂದು ತೆಂಗಿನಕಾಯಿ, ಒಂದು ರವಿಕೆ ಬಟ್ಟೆ. "ತರೀಕೆರೆ ಸ್ನೇಹಿತನ ಮನೆಗೆ ಒಯ್ತಿದ್ದೆ. ಇನ್ನು ಇದನ್ನ ವಾಪಸ್ಸು ಯಾವನು ಹೊರ್ತಾನೆ? ಇಟ್ಕೋ ಅತ್ಲಾಗೆ." ತರೀಕೆರೆಯ ಸ್ನೇಹಿತ ರವಿಕೆ ತೊಡುತ್ತಾನೆಯೇ ಎಂದು ನಿಮ್ಮಮ್ಮ ಒಳಗೆ ನಗುತ್ತಿದ್ದಳು.

ಈಗ ಸೋಲಾರ್ ವಿಷಯ. ನಿಮ್ಮಮ್ಮನ ಹೊಲಿಗೆ ಮಿಷನ್ನಿಗೆ ಮೋಟಾರು ಹಾಕಿಸಿದ ಮೇಲೆ ಕೆಲಸ ಬೇಗ ಆಗುತ್ತಿತ್ತು, ಆದರೆ ಕರೆಂಟು ಮಧ್ಯಾಹ್ನ ಹೋದರೆ ಸಂಜೆಯವರೆಗೆ ಬರುತ್ತಿರಲಿಲ್ಲ. ಮದುವೆ ಕಾಲದಲ್ಲಿ ಹೆಣ್ಣಿನ ಕಡೆಯವರು ಬಂದು ಅರ್ಧ ಹೊಲಿದ ರವಿಕೆ ನೋಡಿ ಮುಖ ಸಣ್ಣ ಮಾಡಿಕೊಂಡು, ಉಳಿದ ಬಟ್ಟೆಯನ್ನು ಕಡೂರಿಗೆ ಒಯ್ಯುತ್ತಿದ್ದರು. ಹೀಗೇ ಆದರೆ ಹೊಲಿಗೆಯನ್ನೇ ಬಿಟ್ಟುಬಿಡುತ್ತೇನೆ ಎಂದು ಅವಳು ಹೇಳಲು ಶುರುಮಾಡಿದ್ದಳು. ಬ್ಯಾಟರಿ ಇರುವ ಸೋಲಾರ್ ಹಾಕಿಸಿದರೆ ಸರ್ಕಾರ ಖರ್ಚಿನ ಒಂದು ಪಾಲು ವಾಪಸ್ಸು ಕೊಡುತ್ತದೆ ಎಂದು ಗೊತ್ತಾಯಿತು. ಆ ಪಾಲು ಬಂದರೆ ಮಾತ್ರ ನಮ್ಮ ಕೈಲಿ ಆಗುತ್ತಿತ್ತು. ಆದರೆ ವರ್ಷದ ಆದಾಯ ಒಂದು ಮಿತಿಯ ಒಳಗೆ ಇರಬೇಕು. ನಮ್ಮದು ಒಳಗೇ ಇತ್ತು. ಮನೆ, ಮೀಟರು ಎರಡೂ ನನ್ನ ಹೆಸರಿನಲ್ಲಿದ್ದುದರಿಂದ ಅರ್ಜಿಯೂ ನನ್ನದೇ.

ಆದಾಯ ನೋಡಲು ಗ್ರಾಮ ಲೆಕ್ಕಿಗರು ಮನೆಗೆ ಬರುತ್ತಾರೆ ಎಂದರು. ನಿಮ್ಮಪ್ಪ ಆ ದಿನ ಕೆಲಸಕ್ಕೆ ಹೋಗಲೇಬೇಕಿತ್ತು. ಅಧಿಕಾರಿಗಳ ಎದುರು ನನಗೆ ಬಾಯಿ ಬರುವುದಿಲ್ಲ. ಮಾತಾಡಲು ಒಬ್ಬರಿರಲಿ ಎಂದು ಅಣ್ಣನನ್ನು ನಾನೇ ಕರೆಸಿದೆ. ಬೆಂಕಿ ಆರಿಸಲು ಸೀಮೆಎಣ್ಣೆ ತರಿಸಿದ ಹಾಗೆ.

ಲೆಕ್ಕಿಗರು ಜಗುಲಿಯ ಮೇಲೆ ಕುಳಿತು ಕೇಳಿದರು. "ತೋಟ ಎಷ್ಟೈತೆ ಯಜಮಾನ್ರೇ?"

ಅಣ್ಣ ಎದ್ದು ನಿಂತು ಕೈ ಚಾಚಿದ. "ಅಗೋ, ಆ ಹುಣಸೆಮರದವರೆಗೂ ನಮ್ಮುಡುಗೀದೇ."

ಹುಣಸೆಮರದ ಈಚೆಗಿನ ತೋಟ ಪಕ್ಕದ ಮನೆಯವರದು. ಅವರು ಅಲ್ಲೇ ಸೋಗೆ ಎಳೆಯುತ್ತಿದ್ದವರು ತಲೆಯೆತ್ತಿ ನೋಡಿದರು.

"ಕಾಯಿ ಎಷ್ಟು ಬೀಳ್ತವೆ?"

"ಎಣಿಸಕ್ಕೆ ಆಳು ಸಿಗ್ತಿಲ್ಲ ಸ್ವಾಮಿ."

"ತವರು ಕಡೆಯಿಂದ ಏನಾದ್ರೂ ಬರುತ್ತಾ ಇವ್ರಿಗೆ?"

"ಏನಾದ್ರೂ ಅಂದ್ರೆ ಏನ್ರೀ? ಗಾಡಿಗಟ್ಲೆ ಕಳಿಸ್ತೀನಿ. ಒಬ್ಳೇ ತಂಗಿ."

ನಾನು ಬಾಗಿಲ ಹಿಂದೆ ನಿಂತು ಸೆರಗು ಕಚ್ಚಿಕೊಂಡೆ. ಲೆಕ್ಕಿಗರು ಒಳ್ಳೆಯವರು, ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡರು. ನಾವು ಮಿತಿಯ ಹೊರಗೆ ಹೋದೆವು. ಆ ಸಂಜೆ ಕರೆಂಟಿರಲಿಲ್ಲ. ನಿಮ್ಮಮ್ಮ ಮೋಟಾರು ಬಿಚ್ಚಿ ಮಿಷನ್ನನ್ನು ಕಾಲಿನಲ್ಲೇ ತುಳಿದಳು. ಅದರ ಸದ್ದು ಹುಣಸೆಮರದವರೆಗೂ ಕೇಳಿರಬೇಕು. ಅಣ್ಣ ಮಾತ್ರ ಎರಡು ಸಲ ಮಜ್ಜಿಗೆ ಹಾಕಿಸಿಕೊಂಡು ಉಂಡ.

ಆಮೇಲೆ ಸರ್ಕಾರ ಮಿತಿಯನ್ನು ಏರಿಸಿತು. ನಾವೆಲ್ಲ ಹಿಗ್ಗಿದೆವು. ನಿಮ್ಮಪ್ಪ ಕೂತು ಲೆಕ್ಕ ಹಾಕಿದ. ಅಣ್ಣ ಹೇಳಿದ ತೋಟವನ್ನೂ ಗಾಡಿಗಳನ್ನೂ ಕಳೆದರೆ ನಾವು ಒಳಗೆ, ಸೇರಿಸಿದರೆ ಈಗಲೂ ಹೊರಗೆ. ಹಿಂದಿನ ಹೇಳಿಕೆ ಸರಿಯಿಲ್ಲ ಎಂದು, ಅದನ್ನು ಕೊಟ್ಟವರೇ ಕಡೂರಿನ ಕಚೇರಿಗೆ ಬಂದು ಹೇಳಬೇಕಿತ್ತು. ನಾನು ಫೋನು ಮಾಡಿದೆ.

"ನನ್ನ ತಂಗಿ ಬಡವಿ ಅಂತ ನಾನೇ ಹೋಗಿ ಬರೆಸ್ಬೇಕಾ?" ಎಂದ.

"ಬರೆದ್ಬಿಟ್ರೆ ಬಡವಿ ಆಗ್ಬಿಡ್ತೀನಾ ಅಣ್ಣ?"

"ಆಗಲ್ಲ. ಬರೆದಿದ್ದನ್ನ ಓದೋರು ಇರ್ತಾರಲ್ಲ."

"ಈ ಹುಡುಗಿ ಮಿಷನ್ನು ಮೂಲೆಗಿಡ್ತೀನಿ ಅಂತವ್ಳೆ."

ಅವನು ಫೋನು ಇಟ್ಟುಬಿಟ್ಟ. ನಾನೂ ಆಸೆ ಬಿಟ್ಟೆ.

ಎರಡು ದಿನ ಕಳೆದು ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿರುವಾಗ ಅಣ್ಣ ಬಂದು ನಿಂತ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಹೊಸ ಟವೆಲ್ಲು. "ತರೀಕೆರೆಗೆ ಹೊರಟಿದ್ದೆ" ಎಂದ. ಚಪ್ಪಲಿ ಬಿಡದೆ ಅಲ್ಲೇ ನಿಂತು, "ಹೆಂಗೂ ಬಂದಿದೀನಿ, ಕಡೂರಿಗೆ ಹೋಗಿ ಬರಣ ನಡಿ" ಎಂದ.

ಕಚೇರಿಯಲ್ಲಿ ನಮ್ಮ ಹಿಂದೆ ತುಂಬ ಜನ ನಿಂತಿದ್ದರು. ಕೆಲವರು ಅಜ್ಜಂಪುರದ ಕಡೆಯವರೂ ಇದ್ದಿರಬಹುದು. ಕೌಂಟರಿನಲ್ಲಿ ಒಬ್ಬಳು ಹುಡುಗಿ ಕೂತಿದ್ದಳು. ಅಣ್ಣ ಟವೆಲ್ಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನು ಹಾಗೆ ನಿಂತದ್ದನ್ನು ನಾನು ಎಂದೂ ಕಂಡವಳಲ್ಲ.

"ನೋಡಮ್ಮ, ಹಿಂದೆ ನಾನು ಹೇಳಿದ್ದು ಸುಳ್ಳು. ಆ ತೋಟ ಇವಳದ್ದಲ್ಲ. ಇವಳಿಗೆ ತವರಿಂದ ಏನೂ ಬರಲ್ಲ. ನಾನು ಏನೂ ಕೊಟ್ಟಿಲ್ಲ. ಕೊಡಕ್ಕೆ ನನ್ನತ್ರ ಏನೂ ಇಲ್ಲ."

ಹುಡುಗಿ ಕಂಪ್ಯೂಟರ್ ನೋಡಿದಳು. "ಅಜ್ಜ, ಆದಾಯ ಈಗ ಕೇಳಲ್ಲ. ಮಿತಿ ತೆಗೆದುಬಿಟ್ಟವ್ರೆ, ಮೊನ್ನೆನೇ ಆದೇಶ ಬಂತು. ಮನೆ, ಮೀಟರು ಇವರ ಹೆಸರಲ್ಲಿದ್ರೆ ಸಾಕು. ಅರ್ಜಿ ತಗೋತೀನಿ."

ಅಣ್ಣ ಕೌಂಟರಿನತ್ತ ಬಗ್ಗಿದ. "ನಾನೀಗ ಹೇಳಿದ್ನಲ್ಲ, ಅದನ್ನ ಬರ್ಕೊಂಡ್ಯೇನಮ್ಮ?"

"ಇಲ್ಲ ಅಜ್ಜ."

"ಬರೀಬ್ಯಾಡ ಮತ್ತೆ. ಗಾಡಿಗಟ್ಲೆ ಕಳಿಸ್ತೀನಿ ನಾನು."

ಹಿಂದಿದ್ದವರೆಲ್ಲ ನಕ್ಕರು. ಅವನೂ ನಗಲು ನೋಡಿದ. ಆದರೆ ಕಿವಿ ಕೆಂಪಾಗಿತ್ತು, ಟವೆಲ್ಲನ್ನು ಹೆಗಲಿಗೆ ಹಾಕಿಕೊಳ್ಳುವುದನ್ನೇ ಮರೆತಿದ್ದ.

ನನಗೆ ಏನಾಯಿತೋ ತಿಳಿಯದು. ಕಚೇರಿಗಳಲ್ಲಿ ಹೆಬ್ಬಾಗಿಲ ಬಳಿಯೇ ನಿಲ್ಲುವವಳು ನಾನು. ಮುಂದೆ ಹೋಗಿ ಕೌಂಟರಿನ ಮೇಲೆ ಕೈಯಿಟ್ಟೆ.

"ನೋಡಮ್ಮ, ಏನೂ ಕೊಟ್ಟಿಲ್ಲ ಅಂದ್ನಲ್ಲ, ಅದು ಸುಳ್ಳು. ನಮ್ಮ ಯಜಮಾನ್ರು ಹೋದ್ಮೇಲೂ ಇವನು ಪ್ರತಿ ಗೌರಿ ಹಬ್ಬಕ್ಕೆ ನನಗೆ ಬಾಗಿನ ತಂದವ್ನೆ. ಒಂದು ವರ್ಷನೂ ತಪ್ಪಿಸಿಲ್ಲ."

ನಗು ನಿಂತಿತು. ಮಕ್ಕಳೇ, ಮೊರದಲ್ಲಿಟ್ಟು ಕೊಡುವ ಗೌರಿ ಬಾಗಿನ ಮುತ್ತೈದೆಯರಿಗೆ ಮಾತ್ರ. ಗಂಡ ಹೋದ ಮೇಲೆ ತವರಿನಿಂದ ಅದು ನಿಂತುಹೋಗುತ್ತದೆ. ನಿಲ್ಲಿಸಿದೆವು ಎಂದು ಯಾರೂ ಹೇಳುವುದಿಲ್ಲ. ಆ ದಿನ ಬೀದಿಯಲ್ಲಿ ಎಲ್ಲರ ಮನೆಗೂ ಅಣ್ಣತಮ್ಮಂದಿರು ಬರುತ್ತಾರೆ, ನಮ್ಮಂಥವರು ಒಳಗೆ ಏನಾದರೂ ಕೆಲಸ ಹುಡುಕಿಕೊಳ್ಳುತ್ತೇವೆ. ಹುಡುಗಿ ನನ್ನನ್ನೂ ಅಣ್ಣನನ್ನೂ ನೋಡಿ ರಸೀದಿ ಕೊಟ್ಟಳು.

ಬಸ್ ಸ್ಟ್ಯಾಂಡಿನಲ್ಲಿ ಅಣ್ಣ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ. ಆಮೇಲೆ, "ಅದು ಬಾಗಿನ ಅಂತ ನಿಂಗ್ಯಾರೇ ಹೇಳಿದ್ದು?" ಎಂದ.

"ಯಾರೂ ಹೇಳ್ಲಿಲ್ಲ."

"ಮೊರ ಇರ್ಲಿಲ್ಲವಲ್ಲೇ."

"ಇರ್ಲಿಲ್ಲ."

ಅಷ್ಟರಲ್ಲಿ ತರೀಕೆರೆಯ ಬಸ್ಸು ಬಂತು. ನಮ್ಮ ಮುಂದೆಯೇ ನಿಂತು, ಜನ ಹತ್ತಿಸಿಕೊಂಡು ಹೊರಟಿತು. ಅಣ್ಣ ಅದರ ಬೋರ್ಡನ್ನು ಕೊನೆಯವರೆಗೂ ನೋಡಿದ, ಹತ್ತಲಿಲ್ಲ. ಪಂಚನಹಳ್ಳಿಯ ಬಸ್ಸು ಬಂದಾಗ ಓಡಿಹೋಗಿ ಕಿಟಕಿಯಿಂದ ಟವೆಲ್ಲು ಎಸೆದು ನನಗೊಂದು, ತನಗೊಂದು ಸೀಟು ಹಿಡಿದ. ತಪ್ಪಿ ಹತ್ತಿದೆ ಎಂದು ಆ ದಿನ ಅವನು ಹೇಳಲಿಲ್ಲ.